ಕೋವಿಯ ಒದೆತ, ಹಿಡಿಯ ಬಾಗು



ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್‌ಸನ್ (1910–1974) ಅವರ ಕಾಡಿನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರು ಬಹಳ ಮಂದಿ. ಆ ಕಥೆಗಳಲ್ಲಿ ಆಂಡರ್‌ಸನ್ನರ ಜತೆಗಾರ .405 ವಿಂಚೆಸ್ಟರ್ ರೈಫಲ್. 1909ರಲ್ಲಿ ಅಮೆರಿಕದ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಒಯ್ದ ಕೋವಿಗಳಲ್ಲಿಯೂ ಇದೇ ಬಗೆಯದೊಂದಿತ್ತು. ಹುಲಿ, ಸಿಂಹಗಳನ್ನು ಕೆಡವುತ್ತಿದ್ದ ಈ ಕೋವಿ ತನ್ನ ಒಡೆಯನ ಭುಜವನ್ನೂ ಬಿಡುತ್ತಿರಲಿಲ್ಲ.

ಕಾರಣ ಸರಳ. 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಮುಂದಕ್ಕೆ ಹಾರಿದರೆ, ಸುಮಾರು 4 ಕಿಲೋ ತೂಕದ ಕೋವಿ ಸೆಕೆಂಡಿಗೆ 4 ಮೀಟರ್ ಆಸುಪಾಸಿನ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಕೋವಿಯ ಹಿಂಬದಿಯ ಮರದ ಹಿಡಿ, ಅಂದರೆ ಸ್ಟಾಕ್, ಈ ಒದೆತವನ್ನು ಕಡಿಮೆ ಮಾಡಲಾರದು. ಅದು ಎಲ್ಲಿ, ಹೇಗೆ ಬೀಳಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ.

ಒದೆತ ಬರುವುದು ನಳಿಗೆಯ ನೇರಕ್ಕೆ. ಭುಜವಿರುವುದು ಅದಕ್ಕಿಂತ ಕೆಳಗೆ. ಹಿಡಿ ಹೆಚ್ಚು ಕೆಳಕ್ಕೆ ಬಾಗಿದಷ್ಟೂ ನಳಿಗೆಯ ತುದಿ ಮೇಲಕ್ಕೆ ಜಿಗಿಯುತ್ತದೆ, ಹಿಡಿಯ ಮೇಲಂಚು ಕೆನ್ನೆಗೆ ಬಡಿಯುತ್ತದೆ. ಹಾಗಿದ್ದರೆ ಹಳಬರು ಬಾಗಿದ ಹಿಡಿಯನ್ನೇಕೆ ಮಾಡಿದರು? ಗುರಿಯ ಕಣ್ಣಿ ನಳಿಗೆಗೆ ಅಂಟಿಕೊಂಡಂತಿದ್ದುದರಿಂದ ಕಣ್ಣನ್ನು ಅಲ್ಲಿಗೆ ಇಳಿಸಬೇಕಾಗಿತ್ತು. ದುರ್ಬೀನು ಬಂದ ಮೇಲೆ ಕಣ್ಣು ಮೇಲೇರಿತು, ಹಿಡಿ ನೆಟ್ಟಗಾಯಿತು.

ಕ್ಯಾಲಿಫೋರ್ನಿಯಾದ ರಾಯ್ ವೆದರ್ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ 'ಮಾಂಟೆ ಕಾರ್ಲೊ' ಶೈಲಿಯ ಹಿಡಿ ಕೆನ್ನೆಯ ಬಳಿ ಎತ್ತರವಾಗಿ, ಮುಂದಕ್ಕೆ ಇಳಿಜಾರಾಗಿದೆ. ಕೋವಿ ಹಿಂದೆ ಸರಿದಂತೆ ಮರ ಕೆನ್ನೆಯಿಂದ ದೂರವಾಗುತ್ತದೆ. ನೆಟ್ಟನೆಯ ಇಂಗ್ಲಿಷ್ ಹಿಡಿಯನ್ನು ಮೆಚ್ಚುವವರಿಗೆ ಈ ಗೂನು ಕಣ್ಣಿಗೆ ಹಿಡಿಸದು. ಇಳಿಜಾರನ್ನು ಬಿಟ್ಟು ಗೂನನ್ನಷ್ಟೇ ನಕಲು ಮಾಡಿದ ಅಗ್ಗದ ಹಿಡಿಗಳಿಂದಂತೂ ಪ್ರಯೋಜನವಿಲ್ಲ. ದುರ್ಬೀನಿಲ್ಲದ ಭಾರಿ ಕೋವಿಗೆ ಅಲ್ಪ ಬಾಗಿನ ಇಂಗ್ಲಿಷ್ ಹಿಡಿಯೇ ಮೇಲು.

ಭುಜಕ್ಕೆ ತಾಗುವ ತುದಿ ಅಗಲವಾಗಿದ್ದು, ಅದಕ್ಕೆ ರಬ್ಬರ್ ಮೆತ್ತೆಯಿರಬೇಕು. ಕಿರಿದಾದ ಉಕ್ಕಿನ ತಟ್ಟೆ ಅದೇ ಪೆಟ್ಟನ್ನು ಒಂದೇ ಕಡೆ ಇಳಿಸುತ್ತದೆ. ಹಿಡಿ ಗಿಡ್ಡವಾದರೆ ಸ್ವಂತ ಹೆಬ್ಬೆರಳೇ ಮೂಗಿಗೆ ಗುದ್ದುತ್ತದೆ, ದುರ್ಬೀನು ಹುಬ್ಬನ್ನು ಸೀಳುತ್ತದೆ. ಕೈ ಹಿಡಿಯುವ ಸಣ್ಣ ಭಾಗದಲ್ಲಿ ಮರದ ಎಳೆ ಉದ್ದಕ್ಕೆ ಓಡಬೇಕು. ಅಡ್ಡಲಾಗಿದ್ದರೆ ಒಂದು ದಿನ ಮರವೇ ಸೀಳುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಹಿಡಿಯ ಆಯ್ಕೆ ಈಗ ಆಫ್ರಿಕಾ, ಅಮೆರಿಕಗಳಂಥ ಕಡೆ ಬೇಟೆಯಾಡುವವರ ಚಿಂತೆ. ಆದರೆ ಅದು ಭುಜದ ನೋವಿಗಷ್ಟೇ ಸೇರಿದ ಮಾತಲ್ಲ. ಎರಡು ಬಾರಿ ಪೆಟ್ಟು ತಿಂದವನು ಮೂರನೆಯ ಬಾರಿ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಮೈ ಬಿಗಿ ಹಿಡಿಯುತ್ತಾನೆ. ಗುಂಡು ಗುರಿ ತಪ್ಪಿ, ಪ್ರಾಣಿ ಗಾಯಗೊಂಡು ಓಡುತ್ತದೆ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ, ಅವರೇ ಬರೆದಂತೆ, 436 ಜನರನ್ನು ಬಲಿ ತೆಗೆದುಕೊಂಡಿತ್ತು. ಅದರ ಬಲಗಡೆಯ ಕೋರೆಹಲ್ಲುಗಳೆರಡೂ ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದಿದ್ದವು.