ಎಂಜಿನ್ನಿನ ಬಡಿತ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ ಎಂದು ಸಮಿತಿಯವರು ಕೇಳಿದರು. ಕಂಪ್ಯೂಟರ್ ಈಗ ಎಲ್ಲರ ಜೇಬಿನಲ್ಲೂ ಇದೆ, ಅದರ ವಿಷಯ ನನಗಿಂತ ಈ ಮಕ್ಕಳೇ ಚೆನ್ನಾಗಿ ಹೇಳುತ್ತಾರೆ. ನಾನು ಬೆಂಗಳೂರಿನಲ್ಲಿ ಬರೆಯುವ ಸಾಫ್ಟ್‌ವೇರ್ ಕಾರಿನೊಳಗೆ ಕೂತು ಕೆಲಸ ಮಾಡುವಂಥದ್ದು. ಎಂಜಿನ್ ಬಡಿಯತೊಡಗಿದರೆ ಅದನ್ನು ಕೇಳಿಸಿಕೊಂಡು ಪ್ಲಗ್ಗಿನ ಕಿಡಿಯನ್ನು ಸ್ವಲ್ಪ ತಡಮಾಡುವುದು ಅದರ ಕೆಲಸಗಳಲ್ಲಿ ಒಂದು. ಹಾಗಾಗಿ ಆ ಬಡಿತದ ಬಗ್ಗೆಯೇ ಮಾತಾಡುತ್ತೇನೆ. ಹೆದ್ದಾರಿಯ ಮಗ್ಗುಲಿನ ಊರು ನಮ್ಮದು. ಇಲ್ಲಿ ಗಾಡಿ ಇಲ್ಲದ ಮನೆ ಕಡಿಮೆ, ಗಾಡಿ ರಿಪೇರಿಗೆ ದುಡ್ಡು ಕಳೆದುಕೊಳ್ಳದ ಮನೆ ಇನ್ನೂ ಕಡಿಮೆ.

ಎರಡು ವರ್ಷದ ಹಿಂದೆ, ಇದೇ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಫೋನ್ ಮಾಡಿದ. ಅವನು ಈಗ ಇಲ್ಲೇ ಕೂತಿದ್ದಾನೆ, ಹೆಸರು ಹೇಳಬೇಡ ಅಂದಿದ್ದಾನೆ. ಡ್ರಿಪ್ ಸಾಮಾನಿನ ವ್ಯಾಪಾರ ಅವನದು. ವಾರಕ್ಕೆರಡು ಸಲ ನಂಗಲಿ ದಾಟಿ, ಪಲಮನೇರು ದಾಟಿ, ಮೊಗಿಲಿ ಘಾಟ್ ಇಳಿದು ಚಿತ್ತೂರಿಗೆ ಹೋಗಿಬರುತ್ತಾನೆ. ಗಾಡಿ ಕಾರ್ಬ್ಯುರೇಟರ್ ಕಾಲದ ಒಂದು ಮಾರುತಿ ಎಸ್ಟೀಮ್. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯ ಹೆಸರು ಕೆಲವರಾದರೂ ಕೇಳಿರುತ್ತೀರಿ. ಅಂಥ ರ‍್ಯಾಲಿಗಳಲ್ಲಿ ಒಂದು ಕಾಲಕ್ಕೆ ಎಸ್ಟೀಮು, ಜಿಪ್ಸಿಗಳದ್ದೇ ಓಡಾಟ. ಈ ಕಾರನ್ನೂ ಯಾರೋ ಆ ಆಸೆಗೆ ತಯಾರು ಮಾಡಿಸಿ, ಆಮೇಲೆ ಕೈಬಿಟ್ಟಿದ್ದರು. ಸಿಲಿಂಡರ್ ಹೆಡ್ಡನ್ನು ಲೇತಿನವರ ಹತ್ತಿರ ಕೊಟ್ಟು ಸ್ವಲ್ಪ ತೆಳ್ಳಗೆ ಮಾಡಿಸಿದ್ದರು. ಹಾಗೆ ಮಾಡಿದರೆ ಪಿಸ್ಟನ್ ಮೇಲೆ ಉಳಿಯುವ ಜಾಗ ಕಿರಿದಾಗುತ್ತದೆ, ಗಾಳಿ ಪೆಟ್ರೋಲು ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತವೆ, ಎಳೆತ ಹೆಚ್ಚುತ್ತದೆ. ಕಂಪ್ರೆಶನ್ ಹೆಚ್ಚಿಸುವುದು ಅಂದರೆ ಇದೇ.

ಮುಳಬಾಗಿಲಿನ ಸುತ್ತಮುತ್ತ ಕಾರು ಚೆನ್ನಾಗಿಯೇ ಓಡುತ್ತಿತ್ತು. ಚಿತ್ತೂರಿನಿಂದ ಸಾಮಾನು ಹೇರಿಕೊಂಡು ಘಾಟ್ ಹತ್ತುವಾಗ ಮಾತ್ರ, ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಟಣಟಣ ಎನ್ನುವ ಸದ್ದು. ಒಂದು ಗ್ಯಾರೇಜಿನಲ್ಲಿ, ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು, 45 ಸಾವಿರ ಆಗುತ್ತದೆ ಅಂದರು. ಇನ್ನೊಂದು ಕಡೆ ಪೆಟ್ರೋಲ್ ಕಲಬೆರಕೆ ಅಂದರು. ಮೂರನೆಯವರು, ಹೆಡ್ ಕೆತ್ತಿಸಿದ ಗಾಡಿ ಬಡಿಯದೆ ಇನ್ನೇನು ಮಾಡುತ್ತದೆ, ಗುಜರಿಗೆ ಹಾಕಿ ಅಂದರು. ಅವನ ಕೈಯಲ್ಲಿದ್ದದ್ದು ಮಗಳ ಕಾಲೇಜು ಸೇರಿಸಲು ಇಟ್ಟ ಹಣ. ಕಾರು ನಿಂತರೆ ವ್ಯಾಪಾರ ನಿಲ್ಲುತ್ತದೆ, ಕಾರಿಗೆ ಹಾಕಿದರೆ ಫೀಜಿಗೆ ಸಾಲ ಮಾಡಬೇಕು.

ಮುಂದೆ ಹೋಗುವ ಮೊದಲು ಈ ಬಡಿತ ಏನು ಅಂತ ಹೇಳಿಬಿಡುತ್ತೇನೆ. ಪ್ಲಗ್ಗಿನಲ್ಲಿ ಕಿಡಿ ಹಾರಿದಾಗ ಒಳಗಿನ ಪೆಟ್ರೋಲು ಗಾಳಿ ಒಂದೇ ಸಲ ಸಿಡಿಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹುಲ್ಲಿನ ಬವಣೆಗೆ ಒಂದು ತುದಿಯಲ್ಲಿ ಕಿಚ್ಚು ಬಿದ್ದರೆ ಹೇಗೆ ಹಬ್ಬಿಕೊಂಡು ಹೋಗುತ್ತದೋ ಹಾಗೆ ಬೆಂಕಿ ಪ್ಲಗ್ಗಿನಿಂದ ಗೋಡೆಯ ಕಡೆಗೆ ಹಬ್ಬುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು. ಅಷ್ಟರಲ್ಲಿ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಗ್ಯಾಸ್ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಬೆಂಕಿ ತನ್ನ ಹತ್ತಿರ ಬರುವ ಮುಂಚೆಯೇ ತಾನಾಗಿ ಹೊತ್ತಿಕೊಂಡರೆ, ಅದು ಹಬ್ಬುವುದಿಲ್ಲ, ಒಟ್ಟಿಗೆ ಸಿಡಿಯುತ್ತದೆ. ಆ ಸಿಡಿತದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುವುದೇ ನಮ್ಮ ಕಿವಿಗೆ ಬೀಳುವ ನಾಕಿಂಗ್. ಸ್ವಲ್ಪ ಇದ್ದರೆ ಎಂಜಿನ್ ಸಹಿಸುತ್ತದೆ. ಜೋರಾಗಿ ಬಹಳ ದಿನ ನಡೆದರೆ ಪಿಸ್ಟನ್ನಿನ ಅಂಚು ತಿಂದುಹೋಗುತ್ತದೆ, ಕೊನೆಗೆ ತೂತೇ ಬೀಳುತ್ತದೆ.

ಶಬ್ದದ ಪಾಠದಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ, ಮಕ್ಕಳೇ. ದೊಡ್ಡ ಗಂಟೆಯ ಸ್ವರ ಗಂಭೀರ, ಸಣ್ಣ ಗಂಟೆಯದು ಕೀಚಲು. ಸಿಲಿಂಡರೂ ಒಂದು ಗಂಟೆ ಇದ್ದ ಹಾಗೆ. ಎಸ್ಟೀಮಿನ ಸಿಲಿಂಡರಿನ ಅಗಲ 74 ಮಿಲಿಮೀಟರ್, ಲೆಕ್ಕ ಹಾಕಿದರೆ ಅದರ ಬಡಿತದ ಸ್ವರ ಸೆಕೆಂಡಿಗೆ ಸುಮಾರು 7500 ಕಂಪನ. ಹೊಸ ಕಾರುಗಳಲ್ಲಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಒಂದು ಸಣ್ಣ ಸೆನ್ಸರ್ ಇರುತ್ತದೆ. ಸಂತೆಯ ಗಲಾಟೆಯಲ್ಲಿ ತಾಯಿ ತನ್ನ ಮಗುವಿನ ಅಳು ಒಂದನ್ನೇ ಹೆಕ್ಕಿಕೊಳ್ಳುವ ಹಾಗೆ, ಸಾಫ್ಟ್‌ವೇರ್ ಆ ಸ್ವರವನ್ನು ಮಾತ್ರ, ಅದೂ ಕಿಡಿ ಹಾರಿದ ಮೇಲಿನ ಕ್ಷಣದಲ್ಲಿ ಮಾತ್ರ ಕೇಳುತ್ತದೆ. ಕೇಳಿಸಿದರೆ ಮುಂದಿನ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ನನ್ನ ಗೆಳೆಯನ ಕಾರಿಗೆ ಇದ್ಯಾವುದೂ ಇಲ್ಲ. ಅಲ್ಲಿ ಡ್ರೈವರನ ಕಿವಿಯೇ ಸೆನ್ಸರ್, ಆಕ್ಸಿಲರೇಟರ್ ಮೇಲಿನ ಕಾಲೇ ಸಾಫ್ಟ್‌ವೇರ್.

ಒಂದು ಭಾನುವಾರ ಊರಿಗೆ ಬಂದೆ. ಮುಳಬಾಗಿಲಿನಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಭಾಯ್ ಅಂತಲೇ ಕರೆಯುವುದು. ಅವರನ್ನೂ ಕರೆದುಕೊಂಡೆವು. ಅವರು ಮೊದಲು ಸ್ಪಾನರ್ ಮುಟ್ಟಲೇ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, ನಿಧಾನವಾಗಿ ರೇಸ್ ಮಾಡಿಸಿದರು. ಬೇರಿಂಗ್ ಹೋಗಿದ್ದರೆ ಆಳವಾದ ಢಬ್ ಢಬ್ ಸದ್ದು ಅಲ್ಲೇ ಬರಬೇಕು. ಎಂಜಿನ್ ಕಾದು ಆಯಿಲ್ ತೆಳುವಾದಷ್ಟೂ ಅದು ಹೆಚ್ಚಬೇಕು. ಆ ಸಿಲಿಂಡರಿನ ಪ್ಲಗ್ ವೈರ್ ತೆಗೆದರೆ ಕಡಿಮೆಯಾಗಬೇಕು. ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದೊಂದೇ ವೈರ್ ತೆಗೆದು ನೋಡಿದರು. ಏನೂ ವ್ಯತ್ಯಾಸವಿಲ್ಲ. ವಾಲ್ವಿನ ಕಡೆಯಿಂದ ಸಣ್ಣ ಟಿಕಿಟಿಕಿ ಇತ್ತು, ಅದು ಟ್ಯಾಪೆಟ್, ಅದಕ್ಕೆ ಹೆದರಬೇಕಾದ್ದಿಲ್ಲ. "ಬೇರಿಂಗ್ ಚೆನ್ನಾಗಿದೆ, ಘಾಟ್‌ಗೆ ಹೋಗೋಣ ನಡೀರಿ" ಅಂದರು. 45 ಸಾವಿರದ ಮಾತು ಅರ್ಧ ಗಂಟೆಯಲ್ಲಿ, ಒಂದು ಸ್ಕ್ರೂಡ್ರೈವರಿನಿಂದ ತೀರಿತು.

ಘಾಟಿನ ಕೆಳಗಿನಿಂದ ನಾಲ್ಕನೇ ಗೇರಿನಲ್ಲಿ ಹತ್ತಿಸಿದೆವು. ಸದ್ದು ಬಂತು. ಕಾಲು ಸಡಿಲಿಸಿದ ಕೂಡಲೇ ಹೋಯಿತು. ಮೂರನೇ ಗೇರಿಗೆ ಹಾಕಿ ಎಂಜಿನ್ನನ್ನು ಜೋರಾಗಿ ತಿರುಗಲು ಬಿಟ್ಟರೆ ಕಡಿಮೆಯಾಯಿತು. ಭಾರ ಬಿದ್ದು ಎಂಜಿನ್ ನಿಧಾನವಾಗಿ ತಿರುಗುವಾಗ ಮಾತ್ರ ಬರುವ ಸದ್ದು ಬೆಂಕಿಯದು, ಕಬ್ಬಿಣದ್ದಲ್ಲ. ಘಾಟಿನಲ್ಲೇ ಯಾಕೆ? ಮುಳಬಾಗಿಲು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರ, ಚಿತ್ತೂರು ಸುಮಾರು 300. ಕೆಳಗೆ ಗಾಳಿಯ ಒತ್ತಡ ಹೆಚ್ಚು, ಬಿಸಿಲೂ ಹೆಚ್ಚು. ಎಂಜಿನ್ನಿಗೆ ಒತ್ತಡ ಮತ್ತು ಶಾಖ ಎರಡೂ ಅಲ್ಲೇ ಸೇರುತ್ತವೆ, ಮೇಲೆ ಸಾಮಾನಿನ ಭಾರ. ಇಲ್ಲಿ ತಡೆದುಕೊಂಡದ್ದು ಅಲ್ಲಿ ತಡೆದುಕೊಳ್ಳಲಿಲ್ಲ.

ಪೆಟ್ರೋಲಿನ ಅನುಮಾನವನ್ನೂ ಅಲ್ಲೇ ಮುಗಿಸಿದೆವು. ಬಡಿತ ತಡೆಯುವ ಶಕ್ತಿಯನ್ನು ಆಕ್ಟೇನ್ ಅನ್ನುತ್ತಾರೆ. ಸೀಸದ ಸಂಯುಕ್ತ ಬೆರೆಸಿದರೆ ಬಡಿತ ನಿಲ್ಲುತ್ತದೆ ಎಂದು ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಕಂಡುಹಿಡಿದ. ಎಂಜಿನ್ ಉಳಿಯಿತು, ಗಾಳಿ ಕುಡಿದ ಜನಕ್ಕೆ ವಿಷವಾಯಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಈಗ ಬಂಕಿನಲ್ಲಿ ಬರುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಆಕ್ಟೇನ್ ಮೊದಲಿಗಿಂತ ಹೆಚ್ಚೇ ಇದೆ. ಹಳೆಯ ಗಾಡಿಯ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲ, ಆ ಮಾತು ಬೇರೆ. ಬೇರೆ ಬೇರೆ ಮೂರು ಬಂಕುಗಳಲ್ಲಿ ತುಂಬಿಸಿದರೂ ಸದ್ದು ಹಾಗೇ ಇತ್ತು ಎಂದು ಗೆಳೆಯ ಆಗಲೇ ಲೆಕ್ಕ ಇಟ್ಟಿದ್ದ. ವ್ಯಾಪಾರಸ್ಥನ ಲೆಕ್ಕ ಇಂಥಲ್ಲಿ ಬಹಳ ಉಪಯೋಗ.

ವಾಪಸ್ಸು ಬಂದು ಟೈಮಿಂಗ್ ಲೈಟ್ ಹಿಡಿದೆವು. ಕಿಡಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ 8 ಡಿಗ್ರಿ ಮುಂಚೆ ಹಾರುತ್ತಿತ್ತು. 3000 ಸುತ್ತಿನಲ್ಲಿ 8 ಡಿಗ್ರಿ ಅಂದರೆ ಸೆಕೆಂಡಿನ ಸಾವಿರದಲ್ಲಿ ಅರ್ಧ ಪಾಲೂ ಇಲ್ಲ. ಅಷ್ಟು ಸಾಕು. ಭಾಯ್ ಡೆಲ್ಕೊ ತಿರುಗಿಸಿ ಸರಿಮಾಡಿದರು. ಬೇರೇನನ್ನೂ ಮುಟ್ಟಬಾರದು ಎಂದು ನಾನು ಹಟ ಹಿಡಿದೆ. ಒಂದೇ ಸಲ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ವಾಸಿಯಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಮತ್ತೆ ಘಾಟ್. ಬಡಿತ ಬಹಳಷ್ಟು ಇಳಿದಿತ್ತು, ಹೋಗಿರಲಿಲ್ಲ.

"ನೋಡಿದೆಯಾ, ಹೆಡ್ ಕೆತ್ತಿಸಿದ್ದೇ ಕಾರಣ, ಇನ್ನೇನೂ ಮಾಡೋಕಾಗಲ್ಲ" ಅಂದ ಗೆಳೆಯ. ಆಗ ಅವನಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ. ಕಟ್ಟಿಗೆಯಿಂದ ತೆಗೆದ ಪ್ರೊಡ್ಯೂಸರ್ ಗ್ಯಾಸಿನಲ್ಲಿ ಎಂಜಿನ್ ಓಡಿಸುವ ಕೆಲಸ ಅಲ್ಲಿ ಬಹಳ ಕಾಲ ನಡೆದಿದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1980ರ ದಶಕದ ಕೊನೆಯಲ್ಲೇ ಅಂಥ ಯಂತ್ರದಿಂದ ಮನೆಗಳಿಗೆ ದೀಪ ಬಂದಿತ್ತು. ಈ ಗ್ಯಾಸ್ ಬಳಸುವ ಎಂಜಿನ್ನಿನ ಕಂಪ್ರೆಶನ್ 12ಕ್ಕೆ 1 ದಾಟಬಾರದು, ದಾಟಿದರೆ ತಾನಾಗಿ ಹೊತ್ತಿಕೊಂಡು ಬಡಿಯುತ್ತದೆ ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಜಿ. ಶ್ರೀಧರ್, ಪಿ. ಜೆ. ಪಾಲ್ ಮತ್ತು ಎಚ್. ಎಸ್. ಮುಕುಂದ ಅವರು ಒಂದು ಡೀಸೆಲ್ ಎಂಜಿನ್ನನ್ನು ಸ್ಪಾರ್ಕ್ ಪ್ಲಗ್ಗಿಗೆ ಮಾರ್ಪಡಿಸಿ, ಒಳಗಿನ ಆಕಾರವನ್ನು ಹಾಗೇ ಉಳಿಸಿಕೊಂಡು, 11.5ರಿಂದ 17ರವರೆಗೆ ಬೇರೆ ಬೇರೆ ಕಂಪ್ರೆಶನ್ನಿನಲ್ಲಿ ಓಡಿಸಿದರು. 17ಕ್ಕೆ 1ರಲ್ಲೂ ಬಡಿತದ ಸುಳಿವಿಲ್ಲ. 17.5 ಕಿಲೋವಾಟ್ ವಿದ್ಯುತ್ ಕೂಡ ಬಂತು. 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಮಿತಿ ಬರೀ ಊಹೆಯಾಗಿತ್ತೇ ಹೊರತು ಸತ್ಯ ಸಂಗತಿಯಲ್ಲ ಎಂಬ ಅರ್ಥದಲ್ಲಿ ಬರೆದರು. ಪೆಟ್ರೋಲು ಆ ಗ್ಯಾಸಿನಷ್ಟು ತಾಳಿಕೊಳ್ಳುವುದಿಲ್ಲ, ಅದು ನಿಜ. ಆದರೆ ಕಂಪ್ರೆಶನ್ ಎಂಬ ಒಂದೇ ಅಂಕಿ ನೋಡಿ ಎಂಜಿನ್ನನ್ನು ಗುಜರಿಗೆ ಕಳಿಸಬೇಕಿಲ್ಲ. ಅಳೆದು ನೋಡಬೇಕು.

ಅಳೆದೆವು. ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿದರೆ ಉಳಿದ ಮೂರು ಸಿಲಿಂಡರ್ 190ರ ಆಸುಪಾಸು, ಮೂರನೆಯದು ಮಾತ್ರ 215. ಹೆಡ್ ಕೆತ್ತಿಸಿದ್ದರ ಪರಿಣಾಮ ನಾಲ್ಕಕ್ಕೂ ಒಂದೇ ಸಮ ಇರಬೇಕು, ಒಂದರಲ್ಲೇ ಹೆಚ್ಚಾಗಲು ಬೇರೆ ಕಾರಣ ಬೇಕು. ಭಾಯ್ ಮೂರನೆಯ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ಮಾತಿಲ್ಲದೆ ನನ್ನ ಕೈಗೆ ಕೊಟ್ಟರು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯ ಹಾಗೆ ಕಪ್ಪು ಚುಕ್ಕೆ, ನಡುನಡುವೆ ಬೆಳ್ಳಗೆ ಹೊಳೆಯುವ ಸಣ್ಣ ಕಣಗಳು. ಅದು ಅಲ್ಯುಮಿನಿಯಂ. ಪಿಸ್ಟನ್ ತಿಂದುಹೋಗತೊಡಗಿತ್ತು. ಇನ್ನು ಎಷ್ಟು ಸಲ ಘಾಟ್ ಹತ್ತುತ್ತಿತ್ತೋ ಹೇಳಲಾರೆ.

ಫೋನಿಗೆ ಜೋಡಿಸುವ ತಂತಿ ಕ್ಯಾಮೆರಾ ಒಂದು ನನ್ನ ಹತ್ತಿರ ಇತ್ತು. ಪ್ಲಗ್ಗಿನ ತೂತಿನಿಂದ ಇಳಿಬಿಟ್ಟೆವು. ಮೂರನೆಯ ಪಿಸ್ಟನ್ ಮೇಲೆ ಒದ್ದೆ ಮಸಿ ದಪ್ಪಗೆ ಕಟ್ಟಿತ್ತು. ಆ ಸಿಲಿಂಡರಿನ ವಾಲ್ವ್ ಸೀಲ್ ಹೋಗಿ ಆಯಿಲ್ ಒಳಗಿಳಿಯುತ್ತಿತ್ತು. ಪೆಟ್ರೋಲಿನ ಜೊತೆ ಆಯಿಲ್ ಸೇರಿದರೆ ಬಡಿತ ತಡೆಯುವ ಶಕ್ತಿ ಕುಂದುತ್ತದೆ. ಆಯಿಲ್ ಸುಟ್ಟ ಮಸಿ ಜಾಗ ತಿಂದು ಕಂಪ್ರೆಶನ್ ಇನ್ನೂ ಏರಿಸುತ್ತದೆ, ಕೆಂಡದ ಹಾಗೆ ಕಾದು ಶಾಖವನ್ನೂ ಹಿಡಿದಿಡುತ್ತದೆ. ಕಿಡಿ ಮುಂಚೆ ಹಾರಿದ್ದು ಒಂದು ಕಾರಣ, ಇದು ಇನ್ನೊಂದು.

ಮುಂದಿನದು ಬೇಗ ಮುಗಿಯಿತು. ಹೆಡ್ ಇಳಿಸಿ, ಮಸಿ ತೆಗೆದು, ಸೀಲುಗಳನ್ನು ಬದಲಿಸಿ, ಕೆತ್ತಿಸಿದ ಜಾಗ ಸ್ವಲ್ಪ ತುಂಬುವಂತೆ ದಪ್ಪನೆಯ ಗ್ಯಾಸ್ಕೆಟ್ ಹಾಕಿದರು. ಜೆ.ಸಿ. ರಸ್ತೆಯಲ್ಲಿ ಹುಡುಕಿ ಗ್ಯಾಸ್ಕೆಟ್ ತಂದದ್ದು ನಾನು. ಸಾಮಾನು, ಕೂಲಿ ಸೇರಿ 11 ಸಾವಿರ ಆಯಿತು. ಮಗಳು ಅದೇ ವಾರ ಕಾಲೇಜು ಸೇರಿದಳು.

ಪಿಸ್ಟನ್ನಿನ ಅಂಚಿನಲ್ಲಿ ಬಿದ್ದ ಗಾಯ ಹಾಗೇ ಇದೆ, ಅದು ಕೂಡುವಂಥದ್ದಲ್ಲ. ಅದಕ್ಕೆ ಎರಡು ತಿಂಗಳಿಗೊಮ್ಮೆ ಅವನು ಮೂರನೆಯ ಪ್ಲಗ್ ಬಿಚ್ಚಿ ಫೋಟೋ ಕಳಿಸುತ್ತಾನೆ. ನಾನು ಆಫೀಸಿನಲ್ಲಿ ಅದನ್ನು ದೊಡ್ಡದು ಮಾಡಿ ಹೊಳೆಯುವ ಕಣ ಇದೆಯೇ ನೋಡುತ್ತೇನೆ. ಇಲ್ಲಿಯವರೆಗೆ ಹೊಸದು ಕಂಡಿಲ್ಲ.

ಊಟವಾದ ಮೇಲೆ ಆ ಕಾರು ಶಾಲೆಯ ಹಿಂದಿನ ಮರದ ಕೆಳಗೆ ನಿಂತಿರುತ್ತದೆ. ಭಾಯ್ ಕೂಡ ಬರುತ್ತೇನೆ ಅಂದಿದ್ದಾರೆ. ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಬೇಕೆನ್ನುವ ಮಕ್ಕಳು ಬನ್ನಿ. ಹುಡುಗಿಯರು ವೇಲು ಬಿಗಿಯಾಗಿ ಕಟ್ಟಿಕೊಳ್ಳಿ, ಯಾರೂ ಫ್ಯಾನ್ ಬೆಲ್ಟಿನ ಹತ್ತಿರ ಕೈ ಹಾಕಬೇಡಿ.