ಹವೀಜದ ತವರು, ಹವೀಜದ ಹೆಸರು
(ಮಲ್ಲಟದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಿತ್ಯ ನಮ್ಮ ಸಾರಿಗೆ ಬೀಳುವ ಹವೀಜದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದರ ಸೊಪ್ಪಿಗೆ ಕೊತ್ತಂಬರಿ ಎನ್ನುತ್ತೇವೆ. ಸಂಸ್ಕೃತದ ಕುಸ್ತುಂಬರಿಯೇ ನಮ್ಮ ಬಾಯಲ್ಲಿ ಕೊತ್ತಂಬರಿಯಾಯಿತು. ಇದು ನಮ್ಮ ನೆಲದ್ದೇ ಎಂದು ತಿಳಿದಿರುತ್ತೇವೆ. ಆದರೆ ಇದರ ತವರುಮನೆ ಬಹು ದೂರ. ಮೆಡಿಟರೇನಿಯನ್ ಎಂಬ ಸಮುದ್ರದ ಪೂರ್ವ ದಂಡೆಯ ನಾಡುಗಳಲ್ಲಿ ಇದು ಕಾಡುಗಿಡವಾಗಿತ್ತು. ಈಜಿಪ್ಟಿನ ಅರಸ ಟುಟಾಂಖಾಮನ್‌ನ ಗೋರಿ 1922ರಲ್ಲಿ ದೊರೆತಾಗ, ಮೂರು ಸಾವಿರ ವರ್ಷಕ್ಕೂ ಹಿಂದೆ ಇಟ್ಟ ಹವೀಜದ ಕಾಳು ಅದರೊಳಗಿತ್ತು.

ಇದನ್ನು ತಿಳಿದು ನಮಗೇನು ಲಾಭವೆಂದು ತಾವು ಕೇಳಬಹುದು. ಲಾಭವಿದೆ. ಆ ನಾಡುಗಳಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ಆದ್ದರಿಂದ ಈ ಗಿಡ ತಂಪಿನಲ್ಲಿ ಎಲೆ ಬಿಟ್ಟು, ಬಿಸಿಲು ಏರುತ್ತಲೇ ಹೂವಾಗಿ ಕಾಳು ಕಟ್ಟುತ್ತದೆ. ಬೇಸಿಗೆಯಲ್ಲಿ ಬಿತ್ತಿದರೆ ಸರಿಯಾಗಿ ಬೆಳೆಯುವ ಮೊದಲೇ ಹೂವಿಗೆ ಬಂದುಬಿಡುತ್ತದೆ. ನಮ್ಮಲ್ಲಿ ಚಳಿಗಾಲದ ಮಳೆಯಿಲ್ಲದಿದ್ದರೂ ಎರೆ ಭೂಮಿ ಹಿಂದಿನ ಮಳೆಯ ಹಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿ ಆರುವ ಮೊದಲು, ಅಕ್ಟೋಬರದಲ್ಲಿ ಬಿತ್ತಿರಿ.

ಬಿತ್ತುವ ಮೊದಲು ಒಂದು ಕೆಲಸವಿದೆ. ನಾವು ಕಾಳೆನ್ನುವುದು ನಿಜವಾಗಿ ಕಾಯಿ. ಅದರಲ್ಲಿ ಎರಡು ಬೀಜಗಳಿವೆ. ಮೊದಲ ವರ್ಷ ನಾನೂ ಇಡೀ ಕಾಳನ್ನೇ ಬಿತ್ತಿಸಿದೆ. ಮೊಳಕೆ ತಡವಾಗಿ, ಸಾಲಿನಲ್ಲಿ ಸಂದು ಬಿದ್ದು, ಹೊಲದವರ ಮುಂದೆ ತಲೆ ತಗ್ಗಿಸಬೇಕಾಯಿತು. ಕಾಳನ್ನು ಗೋಣಿತಟ್ಟಿನ ಮೇಲೆ ಹರವಿ, ಹಲಗೆಯಿಂದ ಹಗುರಾಗಿ ಉಜ್ಜಿ ಎರಡು ಹೋಳು ಮಾಡಿರಿ. ಬೀಜ ನುಗ್ಗಾಗಬಾರದು.

ಇನ್ನು ಹೆಸರಿನ ಮಾತು. ಗ್ರೀಕರು ಇದನ್ನು ಕೊರಿಯಾನ್ನೊನ್ ಎಂದರು. ಅವರ ಭಾಷೆಯಲ್ಲಿ ತಿಗಣೆಗೆ ಕೋರಿಸ್ ಎನ್ನುತ್ತಾರೆ. ಅದರಿಂದಲೇ ಈ ಹೆಸರು ಬಂತೆಂದು ಹೇಳುವುದುಂಟು. ನಗಬೇಡಿರಿ! ಹಸಿಗಾಯಿಯನ್ನು ಹಿಸುಕಿ ಮೂಸಿದರೆ ತಿಗಣೆಯ ವಾಸನೆಯೇ. ಕಾಯಿ ಬಲಿತಂತೆ ಅದು ಹೋಗಿ ಸುವಾಸನೆ ಬರುತ್ತದೆ. ಕೈಯಲ್ಲಿ ಹಣವಿಲ್ಲವೆಂದು ಹಸಿರಿರುವಾಗಲೇ ಕೊಯ್ದರೆ ಕಾಳು ಸುಕ್ಕಿ, ತೂಕ, ಬೆಲೆ ಎರಡೂ ಇಳಿಯುತ್ತವೆ. ತೀರ ಒಣಗಲು ಬಿಟ್ಟರೆ ಉದುರಿ ನೆಲದ ಪಾಲು. ಅರ್ಧದಷ್ಟು ಕಾಯಿ ಹಸಿರು ಬಿಟ್ಟು ಹಳದಿಗೆ ತಿರುಗಿದಾಗ, ಬೆಳಗಿನ ತಂಪಿನಲ್ಲಿ ಕೊಯ್ದು ನೆರಳಿನಲ್ಲಿ ಒಣಗಿಸಿರಿ.

ತವರು ಬಿತ್ತುವ ಕಾಲವನ್ನು ಹೇಳಿತು. ಹೆಸರು ಕೊಯ್ಯುವ ಕಾಲವನ್ನು ಹೇಳಿತು. ಈ ಹಿಂಗಾರಿಗೆ ಕಡಲೆಯ ನಡುವೆ ಕೆಲವು ಸಾಲು ಹವೀಜ ಹಾಕಿ ನೋಡಿರಿ. ಕೊಯ್ಲಿಗೆ ಮುಂಚೆ ಕಣ್ಣಿನಿಂದ ನೋಡುವುದರ ಜೊತೆಗೆ ಮೂಗಿನಿಂದಲೂ ಪರೀಕ್ಷಿಸಿರಿ.