ಮತಭೇದವೂ ಮನೋಭೇದವೂ



ಮನುಷ್ಯರಿರುವೆಡೆಯಲ್ಲೆಲ್ಲ ಅಭಿಪ್ರಾಯಭೇದವು ಇದ್ದೇ ಇರುವುದು. ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಸೋದರರು ಮನೆವಾರ್ತೆಯ ವಿಷಯದಲ್ಲಿ ಒಂದೇ ಮಾತನ್ನಾಡರು. ಒಂದೇ ಊರಿನ ಹಿರಿಯರು ಊರ ಕಟ್ಟಳೆಯ ವಿಷಯದಲ್ಲಿ ಒಮ್ಮತಕ್ಕೆ ಬಾರರು. ಇನ್ನು ಲೋಕದ ಯುದ್ಧ, ಸಂಧಿ, ರಾಜ್ಯಾಡಳಿತಗಳ ವಿಷಯದಲ್ಲಿ ಹೇಳತಕ್ಕುದೇನು? ಭೇದವೇ ಇರಕೂಡದೆಂದು ಬಯಸುವುದು ಅಲೆಗಳಿಲ್ಲದ ಕಡಲನ್ನು ಬಯಸಿದಂತೆ. ವಿಚಾರಿಸತಕ್ಕ ಪ್ರಶ್ನೆಯು ಬೇರೆ: ಮತಭೇದವು ಮನೋಭೇದವಾಗದಂತೆ ಕಾಯುವ ಬಗೆ ಯಾವುದು? ಬುದ್ಧಿಗಳು ಬೇರೆಯಾದಾಗಲೂ ಹೃದಯಗಳು ಬೇರೆಯಾಗದಿರಲು ಏನು ಬೇಕು?

ಸಹ್ಯಾದ್ರಿಯ ತಪ್ಪಲಿನಲ್ಲಿ, ಕುಂದಾಪುರದ ಸೀಮೆಯಲ್ಲಿರುವ ಶಂಕರನಾರಾಯಣ ಕ್ಷೇತ್ರವು ಈ ಪ್ರಶ್ನೆಗೆ ಒಂದು ಸುಂದರವಾದ ಸಂಕೇತವನ್ನೀಯುವುದು. ಅಲ್ಲಿಯ ಗರ್ಭಗೃಹದಲ್ಲಿ, ನೆಲಮಟ್ಟಕ್ಕಿಂತ ತಗ್ಗಾಗಿ, ನೀರಿನ ನಡುವೆ ಶಂಕರನದೊಂದು, ನಾರಾಯಣನದೊಂದು ಹೀಗೆ ಎರಡು ಲಿಂಗಗಳಿರುವುವು. ಹರಿಹರರನ್ನು ಒಟ್ಟಿಗೆ ಕಾಣಬೇಕೆಂದು ಕ್ರೋಢಮುನಿಯು ತಪಗೈದನೆಂಬುದು ಸ್ಥಳಪುರಾಣ. ತುಂಗಭದ್ರೆಯ ದಡದ ಹರಿಹರದಲ್ಲಿಯಾದರೋ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಥನು ಕಟ್ಟಿಸಿದ ಗುಡಿಯಲ್ಲಿ ಒಂದೇ ವಿಗ್ರಹದ ಅರ್ಧವು ಹರ, ಅರ್ಧವು ಹರಿ. ಒಂದೆಡೆ ಎರಡೂ ಬೆರೆತು ಒಂದಾಗಿರುವುವು. ಇನ್ನೊಂದೆಡೆ ಎರಡೂ ಎರಡಾಗಿಯೇ ಉಳಿದು ಒಂದೇ ನೀರಿನಲ್ಲಿ ನೆಲಸಿರುವುವು. ಇಷ್ಟಲಿಂಗೋಪಾಸಕರಿಗೆ ಸ್ಥಾವರಪೂಜೆಯು ಮುಖ್ಯವಲ್ಲವಾದರೂ ಈ ಎರಡನೆಯ ಬಗೆಯ ಅರ್ಥವು ಗ್ರಾಹ್ಯವಾದುದು. ಎಲ್ಲ ಅಭಿಪ್ರಾಯಗಳೂ ಬೆರೆತು ಒಂದಾಗಲಾರವು. ಆದರೆ ಒಂದೇ ನೀರು ಅವುಗಳನ್ನು ತಣಿಸಬಲ್ಲುದು.

ಮೊದಲು ವೈಯಕ್ತಿಕ ಜೀವನವನ್ನು ನೋಡತಕ್ಕದ್ದು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಶರಣನು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿಯಾದ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾದುದನ್ನು ತಂದಲ್ಲಿಯೇ ಹಾಕಿ ಬರಬೇಕೆಂದಳು. ಅವನದು ದಾಸೋಹದ ಉತ್ಸಾಹ, ಅವಳದು ಕಾಯಕದ ಶುದ್ಧಿ. ಎರಡೂ ಧರ್ಮವೇ. ಪತಿಯು ಪತ್ನಿಯ ಮಾತಿಗೆ ಮಣಿದನು. ಅದರಿಂದ ಆತನ ಗೌರವವು ಕುಂದಲಿಲ್ಲ, ಇಂದಿಗೂ ಇಬ್ಬರ ಹೆಸರೂ ಒಟ್ಟಿಗೆ ಉಚ್ಚರಿಸಲ್ಪಡುವುದು. ಮನೆಯೊಳಗಿನ ಭೇದಕ್ಕೆ ಬೇಕಾದುದು ಇದೇ: ಕಿರಿಯರೆನಿಸಿದವರಿಗೆ ಹೇಳುವ ಧೈರ್ಯ, ಹಿರಿಯರೆನಿಸಿದವರಿಗೆ ಕೇಳುವ ತಾಳ್ಮೆ.

ಇನ್ನು ಸಮಾಜದ ಮಾತು. ಅನುಭವಮಂಟಪದಲ್ಲಿ ಅಲ್ಲಮಪ್ರಭುವಿನ ಎದುರಿನಲ್ಲಿ ಪ್ರಶ್ನೆಗೆ ಪ್ರತಿಪ್ರಶ್ನೆ ಹುಟ್ಟುತ್ತಿದ್ದ ಕಲ್ಯಾಣವೇ ಭೇದವನ್ನು ಸಹಿಸಲಾರದ ಕ್ರೌರ್ಯವನ್ನೂ ಕಂಡಿತು. ಹರಳಯ್ಯ, ಮಧುವರಸರ ಮಕ್ಕಳ ವಿವಾಹವನ್ನು ವರ್ಣಸಂಕರವೆಂದವರು ವಾದಕ್ಕೆ ನಿಲ್ಲಲಿಲ್ಲ. ಅರಸನ ದಂಡವನ್ನು ಆಶ್ರಯಿಸಿದರು. ಆ ಇಬ್ಬರು ತಂದೆಯರು ಪ್ರಾಣವನ್ನು ತೆತ್ತರು, ಶರಣರು ದಿಕ್ಕುದಿಕ್ಕಿಗೆ ಚದರಿದರು ಎಂಬ ಪರಂಪರೆಯ ಕಥನವು ಭಕ್ತರೆಲ್ಲರಿಗೂ ವಿದಿತವಾದುದು. ಮಾತಿಗೆ ಮಾತು ಉತ್ತರವಾಗಿರುವವರೆಗೆ ಅದು ಮಂಟಪ. ಮಾತಿಗೆ ದಂಡವು ಉತ್ತರವಾದೊಡನೆ ಅದು ಶ್ಮಶಾನ.

ಇದಕ್ಕೆ ಪ್ರತಿಯಾದ ನಿದರ್ಶನವು ಶ್ರವಣಬೆಳಗೊಳದಲ್ಲಿರುವ 1368ರ ಶಾಸನದಲ್ಲಿ ದೊರಕುವುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ನಿವೇದಿಸಿದರು. ಅರಸನು ವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಪೂರ್ವದಂತೆಯೇ ಸಲ್ಲತಕ್ಕದ್ದೆಂದು ಕಟ್ಟುಮಾಡಿದನು. ಬೆಳಗೊಳದ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಮಂದಿ ಕಾವಲುಗಾರರನ್ನು ವೈಷ್ಣವರೇ ನೇಮಿಸತಕ್ಕದ್ದೆಂದೂ, ಅದರ ವೆಚ್ಚಕ್ಕೆ ಜೈನರು ಮನೆಗೊಂದು ಹಣವನ್ನು ಕೊಡತಕ್ಕದ್ದೆಂದೂ, ಉಳಿದ ಹಣದಿಂದ ಜೀರ್ಣ ಜಿನಾಲಯಗಳು ದುರಸ್ತಿಯಾಗತಕ್ಕದ್ದೆಂದೂ ಏರ್ಪಾಡಾಯಿತು. ಅರಸನು ಯಾರ ಸಿದ್ಧಾಂತವನ್ನೂ ತಿದ್ದಲು ಹೋಗಲಿಲ್ಲ. ಪ್ರತಿಪಕ್ಷದವನ ದೇವರನ್ನು ಕಾಯುವ ಹೊಣೆಯನ್ನೇ ಪ್ರಬಲ ಪಕ್ಷದ ಹೆಗಲಿಗೆ ಹೊರಿಸಿದನು. ದುರ್ಬಲನ ಮಾನವನ್ನು ಪ್ರಬಲನೇ ಕಾಯಬೇಕೆಂಬುದು ಸಮಾಜನೀತಿಯ ಸಾರ.

ಮೂರನೆಯದು ದೇಶದ ಹಾಗೂ ಲೋಕದ ವಿಚಾರ. 1934ನೆಯ ಜನವರಿ 15ರಂದು ಬಿಹಾರ ಮತ್ತು ನೇಪಾಳ ಪ್ರಾಂತಗಳಲ್ಲಿ ಭೀಕರ ಭೂಕಂಪವಾಗಿ ಸಹಸ್ರಾರು ಜನರು ಮಡಿದರು. ಆಗ ಹರಿಜನೋದ್ಧಾರದ ಯಾತ್ರೆಯಲ್ಲಿದ್ದ ಮಹಾತ್ಮಾ ಗಾಂಧಿಯವರು, ಅದು ಅಸ್ಪೃಶ್ಯತೆಯ ಪಾಪಕ್ಕೆ ದೊರೆತ ದೈವದಂಡನೆಯೆಂದು ನುಡಿದರು. ಕವಿ ರವೀಂದ್ರನಾಥ ಠಾಕೂರರೂ ಅಸ್ಪೃಶ್ಯತೆಯ ವಿರೋಧಿಗಳೇ. ಆದರೆ ಪ್ರಕೃತಿಯ ಕ್ಷೋಭೆಯನ್ನು ಪಾಪಪುಣ್ಯಗಳಿಗೆ ಗಂಟುಹಾಕುವುದು ಜನರಲ್ಲಿ ಅವಿಚಾರವನ್ನು ಬೆಳೆಸುವುದೆಂದು ಅವರು ಖಂಡಿಸಿದರು. ಗಾಂಧೀಜಿಯವರು ಆ ಖಂಡನೆಯನ್ನು ಅಡಗಿಸಲಿಲ್ಲ. ಫೆಬ್ರುವರಿ 16ರ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅದನ್ನು ಅಚ್ಚುಮಾಡಿ, ಜೊತೆಯಲ್ಲಿ ತಮ್ಮ ಉತ್ತರವನ್ನೂ ಪ್ರಕಟಿಸಿದರು. ಅದೇ ತಿಂಗಳಿನಲ್ಲಿ ಅವರ ಯಾತ್ರೆಯು ಉಡುಪಿ, ಕುಂದಾಪುರಗಳನ್ನು ಮುಟ್ಟಿತು. ಇಬ್ಬರಲ್ಲಿ ಒಬ್ಬರೂ ತಮ್ಮ ಅಭಿಪ್ರಾಯವನ್ನು ಬಿಡಲಿಲ್ಲ. ಪರಸ್ಪರರ ಮೇಲಿನ ಗೌರವವನ್ನೂ ಬಿಡಲಿಲ್ಲ. ಭೂಕಂಪದ ಕಾರಣದ ವಿಷಯದಲ್ಲಿ ವಿಜ್ಞಾನವು ಕವಿಯ ಪಕ್ಷದಲ್ಲಿರುವುದು ನಿಜ. ಆದರೆ ತನ್ನನ್ನು ಅಲ್ಲಗಳೆಯುವ ಮಾತಿಗೆ ತನ್ನ ಪತ್ರಿಕೆಯಲ್ಲಿಯೇ ಎಡೆಗೊಟ್ಟ ಔದಾರ್ಯವು ಗಾಂಧೀಜಿಯವರದು.

ಬಹುಮತಕ್ಕೆ ಎದುರಾಗಿ ನಿಲ್ಲುವವನ ಧರ್ಮವೇನೆಂಬುದಕ್ಕೆ ಅದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಬಾಳು ನಿದರ್ಶನ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಕೈಗಾದ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರು. ಪರಿಸರದ ಪರವಾಗಿ 1989ರ ಲೋಕಸಭಾ ಚುನಾವಣೆಯಲ್ಲಿ ಇಳಿವಯಸ್ಸಿನಲ್ಲಿ ಸ್ಪರ್ಧಿಸಿ ಸೋತರು. ಸ್ಥಾವರವು ನಿಂತಿತು, 2000ದಿಂದ ವಿದ್ಯುತ್ತನ್ನೂ ಕೊಡುತ್ತಿರುವುದು. ಅವರ ಅಭಿಪ್ರಾಯವು ಸರಿಯೇ ತಪ್ಪೇ ಎಂಬುದರಲ್ಲಿ ಇಂದಿಗೂ ಎರಡು ಪಕ್ಷಗಳುಂಟು. ಆದರೆ ತಾವು ನಂಬಿದುದಕ್ಕೆ ತಾವೇ ಬೆಲೆ ತೆತ್ತರು ಎಂಬುದರಲ್ಲಿ ಎರಡು ಮಾತಿಲ್ಲ.

ಸದ್ಭಕ್ತರೆ, ಇಂದು ಲೋಕದ ವಾರ್ತೆಯೆಲ್ಲವೂ ಮೊಬೈಲ್ ಫೋನಿನ ಮೂಲಕ ಕ್ಷಣಮಾತ್ರದಲ್ಲಿ ಅಂಗೈಗೆ ಬರುವುದು. ವಿಚಾರ ಮಾಡುವುದಕ್ಕೆ ಮೊದಲೇ ಅಭಿಪ್ರಾಯವು ಹುಟ್ಟಿ, ಬೆಲೆ ತೆರದೆಯೇ ಊರೆಲ್ಲ ಹರಡುವುದು. ದೂರದ ದೇಶದ ಯುದ್ಧಕ್ಕಾಗಿ ನೆರೆಮನೆಯವರು ಮಾತು ಬಿಡುವರು. ಚುನಾವಣೆಯೊಂದಕ್ಕಾಗಿ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳರು. ಆದುದರಿಂದ ವಾದಕ್ಕೆ ನಿಲ್ಲುವ ಪ್ರತಿಯೊಬ್ಬನೂ ತನ್ನನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿಕೊಳ್ಳತಕ್ಕದ್ದು. ಎದುರಾಳಿಯ ಮಾತನ್ನು, ಅವನೇ ಅಹುದೆಂದು ತಲೆದೂಗುವಂತೆ, ತಾನು ಹೇಳಬಲ್ಲನೇ? ತಾನು ಗೆದ್ದರೆ ಅವನ ಮಾನವನ್ನು ಕಾಯಬಲ್ಲನೇ? ತಾನು ಸೋತರೆ ಅವನೊಡನೆ ಕುಳಿತು ಪ್ರಸಾದವನ್ನು ಸ್ವೀಕರಿಸಬಲ್ಲನೇ? ಈ ಮೂರಕ್ಕೂ ಅಹುದೆನ್ನಬಲ್ಲವನ ಮತಭೇದವು ಸಮಾಜಕ್ಕೆ ಬೆಳಕು. ಅನ್ನಲಾರದವನ ಒಮ್ಮತವೂ ಕತ್ತಲೆಯೇ.

ಮಠದ ದಾಸೋಹದಲ್ಲಿ ಬಡಿಸುವವನು ಉಣ್ಣುವವನ ಅಭಿಪ್ರಾಯವನ್ನು ಕೇಳುವುದಿಲ್ಲ. ಆ ಪಂಕ್ತಿಯ ನೀತಿಯು ಭಕ್ತರ ಮನೆಗಳಲ್ಲಿಯೂ ಊರುಗಳಲ್ಲಿಯೂ ನೆಲಸಲಿ. ಸರ್ವರಿಗೂ ಶುಭವಾಗಲಿ.